ಇಂಜಿನ್ ಯಾವ್ದು, ಮೊದಲು ಹೇಳು

2025ರ ಫೆಬ್ರವರಿ 14. ಎಲ್ಲರ ಫೋನಿನಲ್ಲಿ ಗುಲಾಬಿ, ನನ್ನ ಫೋನಿನಲ್ಲಿ ಯುದ್ಧನೌಕೆ! ಡಿಸೆಂಬರ್‌ನಲ್ಲಿ ರಷ್ಯಾದ ಕಲಿನಿನ್‌ಗ್ರಾಡ್ ಬಿಟ್ಟಿದ್ದ ಐಎನ್‌ಎಸ್ ತುಶಿಲ್, ಆಫ್ರಿಕಾ ಸುತ್ತಿಕೊಂಡು ನಮ್ಮ ಕಾರವಾರಕ್ಕೆ ಬಂದಿತ್ತು. ಖುಷಿಯಲ್ಲಿ ಫೋಟೊವನ್ನು ಅಂಕೋಲಾದ ಮಾವನಿಗೆ ಕಳಿಸಿದೆ. ಮೂವತ್ತು ವರ್ಷ ಮೀನುಗಾರಿಕೆ ಬೋಟು ನಡೆಸಿದವರು. ತಕ್ಷಣ ಫೋನ್ ಬಂತು.

"ತಮಾ, ಇಂಜಿನ್ ಯಾವ್ದು, ಮೊದಲು ಹೇಳು."

ನಾನು ಬ್ರಹ್ಮೋಸ್ ಕ್ಷಿಪಣಿ, 125 ಮೀಟರ್ ಉದ್ದ, 3,900 ಟನ್ ತೂಕ ಅಂತೆಲ್ಲ ಒದರಿದೆ. ಬದಿಗಳು ಯಾಕೆ ಓರೆಯಾಗಿವೆ ಗೊತ್ತಾ ಮಾವ, ರಾಡಾರ್ ಅಲೆ ಬಡಿದರೆ ಬಂದ ದಾರಿಗೆ ವಾಪಸ್ ಹೋಗದೆ ಬೇರೆ ಕಡೆ ಚದುರಲಿ ಅಂತ ಎಂದೆ. "ಅದೆಲ್ಲ ಇರ್ಲಿ. ಇಂಜಿನ್?"

ಆಮೇಲೆ ಕೂತು ಓದಿದೆ. ಕಥೆ ಇದ್ದದ್ದೇ ಅಲ್ಲಿ.

ಈ ಹಡಗನ್ನು ಕಟ್ಟಲು ಶುರು ಮಾಡಿದ್ದು ಭಾರತಕ್ಕಾಗಿ ಅಲ್ಲವೇ ಅಲ್ಲ. 2013ರಲ್ಲಿ ರಷ್ಯಾ ತನ್ನದೇ ನೌಕಾಪಡೆಗೆಂದು 'ಅಡ್ಮಿರಲ್ ಬುಟಕೊವ್' ಎಂಬ ಹೆಸರಿನಲ್ಲಿ ಇದರ ಕೆಲಸ ಆರಂಭಿಸಿತ್ತು. ಒಡಲು ರಷ್ಯಾದ್ದು, ಗ್ಯಾಸ್ ಟರ್ಬೈನ್ ಮಾತ್ರ ಉಕ್ರೇನಿನ ಮಿಕೊಲಾಯಿವ್ ನಗರದ ಜೋರ್ಯಾ-ಮಾಶ್‌ಪ್ರೊಯೆಕ್ಟ್ ಕಾರ್ಖಾನೆಯದ್ದು. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ನುಂಗಿತು; ಉಕ್ರೇನ್ ಟರ್ಬೈನ್ ಕೊಡೋದು ನಿಲ್ಲಿಸಿತು. ಅಷ್ಟೇ. ಸಾವಿರಾರು ಟನ್ನಿನ ಹಡಗು ಇಂಜಿನ್ ಇಲ್ಲದೆ ನಿಂತುಬಿಟ್ಟಿತು. ಬೇರೆ ಇಂಜಿನ್ ಹಾಕಬಹುದಿತ್ತಲ್ಲ ಅನ್ನಬೇಡಿ. ಗೇರ್‌ಬಾಕ್ಸ್, ಶಾಫ್ಟ್, ಗಾಳಿ ಎಳೆಯುವ ಕೊಳವೆ, ಹೊಗೆ ಬಿಡುವ ಚಿಮಣಿ, ಎಲ್ಲವೂ ಆ ಟರ್ಬೈನಿನ ಅಳತೆಗೇ ಹೊಂದಿಸಿದವು.

ಆಗ ನಡುವೆ ಬಂದದ್ದು ಭಾರತ. ಇದೇ ಜಾತಿಯ ತಲ್ವಾರ್ ವರ್ಗದ ಆರು ಹಡಗುಗಳನ್ನು ನಾವು ಆಗಲೇ ಓಡಿಸುತ್ತಿದ್ದೆವು. ಟರ್ಬೈನನ್ನು ಉಕ್ರೇನಿನಿಂದ ನಾವೇ ಕೊಂಡು ರಷ್ಯಾಕ್ಕೆ ಕೊಟ್ಟೆವು. ಮುನಿಸಿಕೊಂಡ ಎರಡು ಮನೆಗಳ ನಡುವೆ ಪಾತ್ರೆ ದಾಟಿಸುವ ಪಕ್ಕದ ಮನೆಯವರ ಥರ! 2021ರ ಅಕ್ಟೋಬರಿನಲ್ಲಿ ಹಡಗು ತುಶಿಲ್ ಎಂಬ ಹೆಸರಿನಲ್ಲಿ ನೀರಿಗಿಳಿಯಿತು. ನಾಲ್ಕೇ ತಿಂಗಳಲ್ಲಿ ಪೂರ್ಣ ಯುದ್ಧ. ಮಿಕೊಲಾಯಿವ್ ಮೇಲೆ ಕ್ಷಿಪಣಿಗಳು ಬಿದ್ದವು. ಇಂಥ ದಿನಗಳಲ್ಲೂ ಕಲಿನಿನ್‌ಗ್ರಾಡಿನಲ್ಲಿ ಕೆಲಸ ಮುಗಿದು, 2024ರ ಡಿಸೆಂಬರ್ 9ರಂದು ಹಡಗು ನೌಕಾಪಡೆ ಸೇರಿತು.

ಸಂಜೆ ಮಾವನಿಗೆ ಇಷ್ಟೂ ಹೇಳಿದೆ. ಒಟ್ಟು ನಾಲ್ಕು ಟರ್ಬೈನ್, ನಿಧಾನದ ಓಟಕ್ಕೆ ಎರಡು ಚಿಕ್ಕವು, ವೇಗ ಬೇಕಾದಾಗ ದೊಡ್ಡವೆರಡೂ ಸೇರಿಕೊಂಡು 30 ನಾಟ್ ದಾಟಿಸುತ್ತವೆ ಎಂದೆ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೆಟ್ರೆ ಪಾರ್ಟ್ಸ್ ಎಲ್ಲಿಂದ ತರ್ತಾರಂತೆ?"

ನಮ್ಮ ದೆಹಲಿ, ಕೋಲ್ಕತ್ತಾ, ವಿಶಾಖಪಟ್ಟಣ ವರ್ಗದ ದೊಡ್ಡ ಡೆಸ್ಟ್ರಾಯರ್‌ಗಳು ಓಡುವುದೂ ಅದೇ ಮಿಕೊಲಾಯಿವ್‌ನ ಟರ್ಬೈನ್‌ಗಳಿಂದ. ಅದನ್ನೂ ಹೇಳಿದೆ.

"ಹಾಗಾದ್ರೆ ಹಡಗಿನ ಫೋಟೊ ಸಾಕು," ಎಂದರು ಮಾವ, "ಆ ಕಾರ್ಖಾನೆ ಸುದ್ದಿ ಏನಾದ್ರೂ ಬಂದ್ರೆ ಕಳ್ಸು."