ಎದುರಿಗೆ ಮೇಡಂ, ಹಿಂದೆ ಅವಳು!

ಗಂಡಸರಲ್ಲಿ ನಿಮಗೆ ಸ್ವಲ್ಪವೂ ಹಿಡಿಸದ ಸಂಗತಿ ಯಾವುದು? ನಾಲ್ಕು ಜನ ಹೆಂಗಸರು ಕೂತಿರುವ ಕಡೆ ಈ ಪ್ರಶ್ನೆ ಹಾಕಿ ನೋಡಿ. ಮೊದಲು ಎಲ್ಲರೂ ನಗುತ್ತಾರೆ. ಆಮೇಲೆ ಪಟ್ಟಿ ಶುರುವಾಗುತ್ತೆ. ಗುಟ್ಕಾ ಬಾಯಿ, ಬೆವರು ನಾರುವ ಶರ್ಟು, ಎಲ್ಲೆಂದರಲ್ಲಿ ಉಗುಳೋದು, ನಾವು ಮಾತಾಡುತ್ತಿದ್ದರೆ ಮೊಬೈಲ್ ನೋಡೋದು... ಎಲ್ಲಾ ಸರಿಯೇ. ಆದರೆ ಸೋಪು, ನೀರು, ಜೊತೆಗೊಂದಿಷ್ಟು ನಾಚಿಕೆ ಇದ್ದರೆ ಇವೆಲ್ಲ ವಾರದಲ್ಲಿ ವಾಸಿಯಾಗುವ ಕಾಯಿಲೆಗಳು. ನಗು ನಿಂತ ಮೇಲೆ ಯಾರಾದರೊಬ್ಬರು "ಅವನು ಮಾತಾಡೋ ರೀತಿನೇ ಸರಿಯಿಲ್ಲ ಕಣೇ" ಅನ್ನುತ್ತಾರೆ. ಉಳಿದ ಮೂವರೂ ಸುಮ್ಮನೆ ತಲೆ ಆಡಿಸುತ್ತಾರೆ. ಹೆಣ್ಣಿನ ಮನಸ್ಸು ಮುರಿಯುವುದು ಅಲ್ಲಿ.

ನಮ್ಮ ಭಾಷೆಯಲ್ಲಿ ಒಂದು ವಿಶೇಷ ಇದೆ. ಎದುರಿಗಿರುವವರಿಗೆ ನಾವು ಎಷ್ಟು ಬೆಲೆ ಕೊಡುತ್ತೇವೆ ಅನ್ನೋದನ್ನು ಬಚ್ಚಿಡೋಕೆ ಕನ್ನಡ ಬಿಡೋದೇ ಇಲ್ಲ. ಇಂಗ್ಲಿಷಿನಲ್ಲಾದರೆ ಎಲ್ಲರಿಗೂ 'ಯೂ' ಅಂದು ಪಾರಾಗಬಹುದು. ಇಲ್ಲಿ 'ನೀನು' ಅನ್ನಬೇಕೋ 'ನೀವು' ಅನ್ನಬೇಕೋ, 'ಬಂದಳು' ಅನ್ನಬೇಕೋ 'ಬಂದರು' ಅನ್ನಬೇಕೋ, ಬಾಯಿ ತೆರೆದ ಕೂಡಲೇ ತೀರ್ಮಾನ ಮಾಡಲೇಬೇಕು. ಆ ತೀರ್ಮಾನದಲ್ಲಿ ಗಂಡಿಗೊಂದು ನ್ಯಾಯ, ಹೆಣ್ಣಿಗೊಂದು ನ್ಯಾಯ! "ಮ್ಯಾನೇಜರ್ ಬಂದ್ರು, ಫೈಲ್ ಕೇಳಿದ್ರು" ಅಂದರೆ ಮ್ಯಾನೇಜರ್ ಗಂಡಸು. "ಮ್ಯಾನೇಜರ್ ಬಂದ್ಲು, ಫೈಲ್ ಕೇಳಿದ್ಲು" ಅಂದರೆ ಹೆಂಗಸು. ಕುರ್ಚಿ ಒಂದೇ, ಕೆಲಸ ಒಂದೇ. ಎದುರಿಗೆ ಹತ್ತು ಸಲ 'ಮೇಡಂ' ಅಂದ ಬಾಯಿ, ಆಕೆ ಬಾಗಿಲು ದಾಟಿದ ಕೂಡಲೇ 'ಅವಳು' ಅನ್ನುತ್ತದೆ. ಎದುರಿನ ಮರ್ಯಾದೆ ಹುದ್ದೆಗೆ ಹೆದರಿ ಕೊಟ್ಟದ್ದು, ಹಿಂದೆ ಆಡಿದ್ದೇ ಮನಸ್ಸಿನ ಮಾತು.

ಹಾಗಂತ ಏಕವಚನವೆಲ್ಲ ಅವಮಾನ ಅಂತ ತಿಳಿಯಬೇಡಿ. ಹೆತ್ತ ತಾಯಿಯನ್ನೂ, ದೇವರನ್ನೂ 'ನೀನು' ಅನ್ನುವವರು ನಾವು. ಗೆಳತಿ 'ಬಾರೇ' ಅಂದರೆ ಹಿತ. ಕರಾವಳಿಯವರ 'ಮಾರಾಯ್ತಿ'ಯಲ್ಲಿ ಸಲಿಗೆಯೇ ಚೆಂದ. ಧಾರವಾಡದ ಕಡೆಯವರ 'ಬರ್ರಿ, ಕೂಡ್ರಿ' ಕೇಳಿದರೆ ಅಪರಿಚಿತರಿಗೂ ಮನೆಗೆ ಬಂದಂತಾಗುತ್ತೆ. ಊರಿಗೊಂದು ರೂಢಿ ಇರಲಿ. ಆದರೆ ಸಲಿಗೆ ಕೊಟ್ಟವರು ಯಾರು? ಅವಳಾಗಿ ಕೊಟ್ಟಿದ್ದರೆ ಅದು ಪ್ರೀತಿ. ಕೇಳದೇ ತೆಗೆದುಕೊಂಡರೆ ದರ್ಪ. ಗಂಡ ಹೆಂಡತಿ ಇಬ್ಬರೂ 'ನೀನು' ಅಂದುಕೊಂಡರೆ ಲೆಕ್ಕ ಸರಿಹೋಯಿತು. ಅವಳು 'ರೀ, ಊಟಕ್ಕೆ ಬನ್ನಿ' ಅನ್ನುತ್ತಿರುವಾಗ, ಅವನು ಹತ್ತು ಜನರ ಮುಂದೆ 'ಲೇ, ನೀರು ತಾರೇ' ಅಂದರೆ? ನೀರು ಬರುತ್ತೆ. ಅದರ ಜೊತೆ ಬರಬೇಕಾದ ನಗು ಬರೋಲ್ಲ.

ಇನ್ನೊಂದು ಜಾತಿಯ ಗಂಡಸರಿದ್ದಾರೆ. ಯಾರಾದರೂ "ನೀವು ಏನ್ ಮಾಡ್ತಿದ್ದೀರಿ?" ಅಂತ ಹೆಂಡತಿಯನ್ನು ಕೇಳಿದರೆ ಉತ್ತರ ಇವರದು. "ಏನಿಲ್ಲ, ಮನೇಲಿ ಸುಮ್ನೆ ಇದ್ದಾಳೆ!" ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಅಡುಗೆಮನೆ ದೀಪ ಆರಿಸುವವಳು 'ಸುಮ್ನೆ' ಇದ್ದಾಳಂತೆ. ಅವಳ ಪರವಾಗಿ ಬಾಯಿ ಹಾಕಿದ್ದು ಒಂದು ತಪ್ಪು, ಅವಳ ದುಡಿಮೆಯನ್ನು ಒಂದೇ ಪದದಲ್ಲಿ ಒರೆಸಿ ಹಾಕಿದ್ದು ಇನ್ನೊಂದು. ಮನೆಯೊಡತಿಯಾಗಿರುವ ನನಗೆ ಗೊತ್ತು, ಈ ಮಾತು ಕೇಳಿದ ದಿನ ಹೆಂಗಸಿಗೆ ಗಂಡನ ಹೊಸ ಶರ್ಟು, ಸೆಂಟು ಯಾವುದೂ ಕಣ್ಣಿಗೆ ಕಾಣೋದಿಲ್ಲ.

ಬೀದಿಯಲ್ಲಿ, ಬಸ್ಸಿನಲ್ಲಿ

ಮನೆಯಿಂದ ಹೊರಗೆ ಬಂದರೆ 'ಆಂಟಿ' ಕಾಟ. ಪಕ್ಕದ ಮನೆಯ ಮಗು ಆಂಟಿ ಅಂದರೆ ಮುದ್ದು. ಮೀಸೆ ಬಂದ ಹುಡುಗ ಒಂದು ಥರ ಎಳೆದು 'ಆಂಟೀ' ಅಂದರೆ ಅದರ ಅರ್ಥ ಅವನಿಗೂ ಗೊತ್ತು, ನಮಗೂ ಗೊತ್ತು. ಇನ್ನು ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ, ಸೀಟು ಸಿಗದ ಸಹಪ್ರಯಾಣಿಕರ ಬಾಯಲ್ಲಿ 'ಫ್ರೀ ಟಿಕೆಟ್‌ನವರು' ಅನ್ನೋ ಹೊಸ ಹೆಸರು ಬೇರೆ ಕೇಳಿಸುತ್ತೆ. ಕೆಲಸಕ್ಕೆ ಹೊರಟವಳೂ ಆಸ್ಪತ್ರೆಗೆ ಹೊರಟವಳೂ ಅವರಿಗೆ ಒಂದೇ.

"ಬರೀ ಮಾತು ತಾನೇ, ಏನು ಮಹಾ?" ಅನ್ನುವವರಿಗೆ ಒಂದು ಸಂಗತಿ. ಕುಡಿದಿದ್ದ ಒಬ್ಬಾತ ಕರ್ತವ್ಯದಲ್ಲಿದ್ದ ಮಹಿಳಾ ಪೊಲೀಸ್ ಪೇದೆಯನ್ನು 'ಡಾರ್ಲಿಂಗ್' ಅಂದಿದ್ದ. 2024ರಲ್ಲಿ ಕಲ್ಕತ್ತಾ ಹೈಕೋರ್ಟಿನ ಪೋರ್ಟ್ ಬ್ಲೇರ್ ಪೀಠ ಅದು ಅಪರಾಧವೇ ಎಂದು ಎತ್ತಿಹಿಡಿಯಿತು. ಗುರುತಿಲ್ಲದ ಹೆಣ್ಣನ್ನು ಹಾಗೆ ಕರೆಯುವ ಹಕ್ಕು ಯಾರಿಗೂ ಇಲ್ಲ, ಕುಡಿಯದೇ ಹಾಗೆ ಅಂದಿದ್ದರೆ ತಪ್ಪು ಬಹುಶಃ ಇನ್ನೂ ದೊಡ್ಡದಾಗುತ್ತಿತ್ತು ಅಂತಲೂ ಹೇಳಿತು. ಶಿಕ್ಷೆಯನ್ನು ಕಡಿಮೆ ಮಾಡಿದರೂ ಒಂದು ತಿಂಗಳ ಜೈಲು ತಪ್ಪಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಂ ಪ್ರಕಾರ, ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಆಡಿದ ಮಾತಿಗೆ, ಮಾಡಿದ ಸನ್ನೆಗೆ ಮೂರು ವರ್ಷದವರೆಗೆ ಸಜೆ ಇದೆ. ಅವಳು ಬೇಡ ಅಂದ ಮೇಲೂ ಮತ್ತೆ ಮತ್ತೆ ಬೆನ್ನು ಹತ್ತೋದು, ಮೆಸೇಜು ಕಳಿಸೋದು 78ನೇ ಕಲಂಗೆ ಬರುತ್ತೆ. ಸಿನಿಮಾದ ಹೀರೋ ಮೂರು ಗಂಟೆ ಹಿಂದೆ ಸುತ್ತಿ ಕೊನೆಗೆ ಹುಡುಗಿಯನ್ನು ಗೆಲ್ಲಬಹುದು. ನಿಜಜೀವನದ ಹುಡುಗಿಗೆ ಅದು ಭಯ. ಅವಳು ರಸ್ತೆ ಬದಲಿಸುತ್ತಾಳೆ, ನಂಬರು ಬದಲಿಸುತ್ತಾಳೆ, ಕೆಲವೊಮ್ಮೆ ಕಾಲೇಜನ್ನೇ ಬಿಡುತ್ತಾಳೆ. ಅಂಥ ಹೊತ್ತಲ್ಲಿ ಹೆದರಬೇಡಿ, ಮನೆಯಲ್ಲಿ ಹೇಳಿ. ತುರ್ತಿದ್ದರೆ 112ಕ್ಕೆ ಫೋನ್ ಮಾಡಿ.

ಹುಡುಗ ನೋಡಲು ಬಂದಾಗ

ಮದುವೆ ಮಾತುಕತೆ ನಡೆಯುತ್ತಿರುವ ಹುಡುಗಿಯರಿಗೆ, ಅವರ ಅಮ್ಮಂದಿರಿಗೆ ಒಂದು ಕಿವಿಮಾತು. ಹುಡುಗ ನಿಮ್ಮ ಜೊತೆ ಹೇಗೆ ಮಾತಾಡಿದ ಅನ್ನೋದನ್ನು ಅಷ್ಟಾಗಿ ನಂಬಬೇಡಿ. ಆವತ್ತು ಎಲ್ಲರೂ ಇಸ್ತ್ರಿ ಮಾಡಿದ ಮಾತನ್ನೇ ಆಡುತ್ತಾರೆ. ಇವನ್ನು ಗಮನಿಸಿ:

* ಹೋಟೆಲಿನಲ್ಲಿ ಟೇಬಲ್ ಒರೆಸುವ ಹೆಂಗಸನ್ನು ಹೇಗೆ ಕರೆದ? 'ಅಮ್ಮಾ' ಅಂದನೋ, 'ಏಯ್' ಅಂದನೋ?
* ತನ್ನ ಅಮ್ಮನ ಮಾತನ್ನು ಅರ್ಧಕ್ಕೆ ತಡೆದು "ನಿಂಗೇನೂ ಗೊತ್ತಾಗಲ್ಲ ಸುಮ್ನಿರು" ಅಂದನೋ?
* ಆಫೀಸಿನ ಹೆಣ್ಣುಮಕ್ಕಳ ಬಗ್ಗೆ ಹೇಳುವಾಗ 'ಅವರು' ಅಂದನೋ, 'ಅವಳು' ಅಂದನೋ?
* ನಿಮ್ಮ ಬಣ್ಣ, ತೂಕದ ಬಗ್ಗೆ ತಮಾಷೆ ಮಾಡಿ, ನಿಮ್ಮ ಮುಖ ಬಾಡಿದಾಗ "ಜೋಕ್ ಕಣ್ರೀ" ಅಂದನೋ?

ತನಗೆ ಏನೂ ಆಗಬೇಕಿಲ್ಲದ ಹೆಂಗಸಿಗೆ ಅವನು ಕೊಡುವ ಮರ್ಯಾದೆಯೇ ನಾಳೆ ನಿಮಗೂ ಸಿಗುವುದು. ಮದುವೆಯಾಗಿ ಎರಡು ವರ್ಷ ಕಳೆದ ಮೇಲೆ ಅವನು ನಿಮ್ಮನ್ನು ಮೆಚ್ಚಿಸಬೇಕಾದ ಅಗತ್ಯವೇ ಇರೋದಿಲ್ಲವಲ್ಲ!

ಗಂಡುಮಕ್ಕಳನ್ನಷ್ಟೇ ಬೈದು ಮುಗಿಸುವ ವಿಷಯವಲ್ಲ ಇದು. ಎಷ್ಟೋ ಮನೆಗಳಲ್ಲಿ 'ಕೆಲಸದವಳು', 'ಹೂವಿನವಳು', 'ಕಸದವಳು' ಅನ್ನೋ ಹೆಸರುಗಳು ಹೆಂಗಸರ ಬಾಯಲ್ಲೇ ಓಡಾಡುತ್ತವೆ. ಅವರಿಗೂ ಅಪ್ಪ ಅಮ್ಮ ಇಟ್ಟ ಹೆಸರಿರುತ್ತೆ. ಮಗ ಭಾಷೆ ಕಲಿಯೋದು ಊಟದ ಮನೆಯಲ್ಲಿ. ಅಜ್ಜಿಗೆ, ಅಕ್ಕನಿಗೆ, ಪಾತ್ರೆ ತೊಳೆಯಲು ಬರುವವರಿಗೆ ಆ ಮನೆಯಲ್ಲಿ ಯಾವ ವಚನ ಸಿಗುತ್ತದೋ, ಅದನ್ನೇ ಅವನು ಕಾಲೇಜಿಗೆ, ಆಫೀಸಿಗೆ, ಕೊನೆಗೆ ಹೆಂಡತಿಯ ಹತ್ತಿರಕ್ಕೆ ಒಯ್ಯುತ್ತಾನೆ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಈ ಪುಟವನ್ನು ಮಡಚಿ ನಿಮ್ಮ ಯಜಮಾನರ, ಮಗನ ಕಾಫಿ ಲೋಟದ ಪಕ್ಕ ಇಡಿ. ಏನೂ ಹೇಳಬೇಡಿ. ಓದಿ ಮುಗಿಸಿದ ಮೇಲೆ ಪಕ್ಕದ ಮನೆಯಾಕೆಯ ಬಗ್ಗೆ ಮಾತು ಬಂದರೆ, 'ಬಂದಿದ್ಲು' ಅನ್ನುತ್ತಾರೋ 'ಬಂದಿದ್ರು' ಅನ್ನುತ್ತಾರೋ, ಕಿವಿ ಕೊಟ್ಟು ಕೇಳಿ!