ಹಳೆಯ ಕಡತದ ಕೀಲಿಕೈ

ತಿಳವಳ್ಳಿಯ ಸುತ್ತಿನ ಹಳ್ಳಿಗಳಲ್ಲಿ ವಿದ್ಯಾರ್ಥಿಗಳು ಸಂಗ್ರಹಿಸಿದ ಬೀಸುವ ಪದಗಳನ್ನು ಇಪ್ಪತ್ತು ವರ್ಷಗಳ ಹಿಂದೆ ಗಣಕಯಂತ್ರದಲ್ಲಿ ಜೋಡಿಸಿ ಇಟ್ಟಿದ್ದೆವು. ಈಚೆಗೆ ಆ ಕಡತವನ್ನು ತೆರೆದಾಗ ಕಂಡದ್ದು ಕನ್ನಡವಲ್ಲ. ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಹಾಡಿದ ಅಜ್ಜಿಯರಲ್ಲಿ ಬಹುಮಂದಿ ಈಗಿಲ್ಲ. ಹಾನಗಲ್ಲ ಕದಂಬರ ಶಿಲಾಶಾಸನಗಳನ್ನು ಎಂಟುನೂರು ವರ್ಷಗಳ ಮೇಲೂ ಓದಬಲ್ಲ ನಮಗೆ ಇಪ್ಪತ್ತು ವರ್ಷದ ಬರಹ ಒಗಟಾಯಿತು!

ಕಾರಣ ಗೂಢವಾದುದಲ್ಲ. ಅಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟು ಹೋದರೆ ಕನ್ನಡವೂ ಹೋಯಿತು. ಯೂನಿಕೋಡಿನಲ್ಲಾದರೋ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಅಕ್ಷರಗಳಿಗೆ ಸ್ವಂತ ಸ್ಥಾನವಿದೆ. ಹೊಸ ಪದ್ಧತಿ ಬಂದುದು ಸರಿಯೆ. ಹಳೆಯದನ್ನು ಹೊಸದಕ್ಕೆ ತಿರುಗಿಸುವ ಪರಿವರ್ತಕಗಳೂ ಇವೆ. ಆದರೆ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಅವು ಎಡವುವುದುಂಟು; ತಿದ್ದುವ ಹೊರೆ ಬರೆದವನ ತಲೆಗೇ ಬೀಳುತ್ತದೆ. ಆ ಹೊರೆ ಪದ್ಧತಿಯನ್ನು ಬದಲಿಸಿದವನದಾಗಬೇಕೆಂಬುದೇ ನನ್ನ ವಾದ.

ಇದು ಅಸಾಧ್ಯವೆ? ಡೊನಾಲ್ಡ್ ಕ್ನೂಥರು ರಚಿಸಿದ ‘ಟೆಕ್’ ಎಂಬ ಅಕ್ಷರಜೋಡಣೆಯ ತಂತ್ರಾಂಶವನ್ನು ನೋಡಿರಿ. ದೋಷಗಳನ್ನು ತಿದ್ದುವುದಲ್ಲದೆ ಅದಕ್ಕೆ ಇನ್ನು ಹೊಸದೇನನ್ನೂ ಸೇರಿಸುವುದಿಲ್ಲವೆಂದು ಅವರು 1990ರಲ್ಲಿ ಸಾರಿದರು. ಅದರ ಮೇಲೆ ಕಟ್ಟಿದ ‘ಲಾಟೆಕ್’ 1994ರಲ್ಲಿ ಹೊಸ ರೂಪ ತಳೆದಾಗ, ಹಳೆಯ ಕಡತವನ್ನು ಅದರ ಮೊದಲ ಆಜ್ಞೆಯಿಂದಲೇ ಗುರುತಿಸಿ, ಹಳೆಯ ರೀತಿಯಲ್ಲಿ ಜೋಡಿಸುವ ಏರ್ಪಾಡನ್ನು ಇರಿಸಿಕೊಂಡಿತು.

ಯೂನಿಕೋಡಿನಲ್ಲಿಯೂ ಒಂದು ಸ್ವಾರಸ್ಯವಿದೆ. ಹಳಗನ್ನಡದ ೞಕಾರಕ್ಕೆ ಅಲ್ಲಿ ‘ಫ಼’ ಎಂಬ ತಪ್ಪು ಹೆಸರು ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಪ್ಪನ್ನು ಅಳಿಸದೆ, ಸರಿಯಾದ ಹೆಸರನ್ನು ಅದರ ಪಕ್ಕದಲ್ಲಿ ಸೇರಿಸಿದರು. ಕನ್ನಡ ಮಾಸ್ತರರಿಗೆ ಇದು ಕಸಿವಿಸಿ ತಂದೀತು. ಆದರೆ ಆ ಹೆಸರನ್ನು ನಂಬಿ ಮಾಡಿದ ಯಾವ ಕೆಲಸವೂ ಕೆಡಲಿಲ್ಲ.

ಹಳೆಯದನ್ನೆಲ್ಲ ಹೊತ್ತರೆ ಹೊಸದು ಕುಂಟುತ್ತದೆ ಎನ್ನುವವರುಂಟು. ಮಾತು ಸುಳ್ಳಲ್ಲ. ಆದರೆ ಹೊಸ ಮನೆ ಕಟ್ಟುವವನು ಹಳೆಯ ಮನೆಯಲ್ಲೇ ವಾಸಿಸಬೇಕೆಂದು ಯಾರೂ ಕೇಳುತ್ತಿಲ್ಲ. ಹಿರಿಯರ ಪೆಟ್ಟಿಗೆಯ ಕೀಲಿಕೈಯನ್ನು ಬಾವಿಗೆ ಎಸೆಯದಿದ್ದರೆ ಸಾಕು. ಹಳೆಯ ಫಾಂಟುಗಳ ಸಂಕೇತಪಟ್ಟಿಗಳನ್ನು ಎಲ್ಲರಿಗೂ ದೊರೆಯುವಂತೆ ಪ್ರಕಟಿಸಲಿ; ಕಾಲೇಜುಗಳೂ ಗ್ರಂಥಾಲಯಗಳೂ ತಮ್ಮಲ್ಲಿರುವ ಕಡತಗಳನ್ನು ಈಗಲೇ ತಿರುಗಿಸಿ, ಓದಿ, ತಿದ್ದಿ ಇರಿಸಲಿ. ನಮ್ಮ ಬೀಸುವ ಪದಗಳನ್ನು ವಿದ್ಯಾರ್ಥಿಗಳು ಸಾಲುಸಾಲಾಗಿ ಬಿಡಿಸುತ್ತಿದ್ದಾರೆ. ಸಂದೇಹ ಬಂದ ಕಡೆ ಕೇಳೋಣವೆಂದರೆ ಹಾಡಿದ ಅಜ್ಜಿಯಿಲ್ಲ.