ಒಣಕೊಂಬೆಗೂ ಒಂದು ಹಾರ್ಟ್ ಒತ್ತಿ ಸ್ವಾಮಿ

ಮೊನ್ನೆ ಗುರುವಾರ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹತ್ತು ನಿಮಿಷದಲ್ಲಿ ಎರಡು ಮೆಸೇಜು ಬಂದವು. ಮೊದಲನೆಯದು, ಗೇಟಿನಾಚೆ ಮೈತುಂಬ ಗುಲಾಬಿ ಹೂ ಬಿಟ್ಟ ಟಬೆಬುಯಾ ಮರದ ಫೋಟೋ. ಅದಕ್ಕೆ ಮೂವತ್ತೇಳು ಹಾರ್ಟು. ಎರಡನೆಯದು, 'ಶನಿವಾರ ಒಣಕೊಂಬೆಗಳನ್ನು ಕತ್ತರಿಸಲಾಗುವುದು, ದಯವಿಟ್ಟು ಕಾರು ತೆಗೆಯಿರಿ.' ನನಗೆ ಮೈ ಉರಿದದ್ದು ಈ ಎರಡನೆಯದಕ್ಕೆ.

ವಿಸಿಟರ್ ಪಾರ್ಕಿಂಗ್ ಮೇಲಿರುವ ಮಳೆಮರದ ಒಣಕೊಂಬೆಯ ಅಡಿಭಾಗದಲ್ಲಿ ಒಂಬತ್ತು ದಿನದಿಂದ ಒಂದು ಜೋಡಿ ಚೆಂಬುಕುಟಿಕ ಹಕ್ಕಿಗಳು ಪೊಟರೆ ಕೊರೀತಾ ಇದ್ದವು. ಗುಬ್ಬಚ್ಚಿಗಿಂತ ತುಸು ದಪ್ಪ, ಹಸಿರು ಮೈ, ಹಳದಿ ಗಂಟಲು, ಹಣೆಗೆ ಕುಂಕುಮ ಇಟ್ಟ ಹಾಗೆ ಕೆಂಪು. ನೀವು ನೋಡಿರಲಿಕ್ಕಿಲ್ಲ, ಕೇಳಿಯಂತೂ ಇರ್ತೀರಿ. ಮಧ್ಯಾಹ್ನದ ಕಾಲ್‌ನಲ್ಲಿ ಮ್ಯೂಟ್ ತೆಗೆದ ಕೂಡಲೇ ಹೊರಗಿಂದ ಟುಕ್ ಟುಕ್ ಟುಕ್ ಅಂತ ಪಾತ್ರೆ ಬಡಿಯೋ ಥರ ಸದ್ದು ಬರುತ್ತಲ್ಲ, ಅದೇ. ಗಂಡು ಹೆಣ್ಣು ಎರಡೂ ಪಾಳಿ ಮೇಲೆ ಕೊರೆಯುತ್ತವೆ. ಮರಕುಟಿಗದಂಥ ಗಟ್ಟಿ ಕೊಕ್ಕಲ್ಲ ಇವುಗಳದ್ದು. ಒಣಗಿ ಮೆತ್ತಗಾದ ಮರವೇ ಬೇಕು. ಇವು ಬಿಟ್ಟುಹೋದ ಪೊಟರೆಗೆ ಮುಂದೆ ಬಾಡಿಗೆದಾರರು ಬೇರೆ ಬರುತ್ತಾರೆ.

ಬೆಂಗಳೂರಿನಲ್ಲಿ ಫೆಬ್ರವರಿ ಅಂದರೆ ಹೀಗೇ. ಸೆಪ್ಟೆಂಬರಿನಿಂದ ನಮ್ಮ ಪಾರ್ಕಿಂಗಿನಲ್ಲಿ ಬಾಲ ಕುಣಿಸುತ್ತಿದ್ದ ಕುಂಡೆಕುಸ್ಕ ಹಿಮಾಲಯಕ್ಕೆ ಹೊರಡೋ ತಯಾರಿಯಲ್ಲಿರುತ್ತೆ, ಕೋಗಿಲೆ ಗಂಟಲು ಸರಿಮಾಡಿಕೊಳ್ಳುತ್ತೆ, ಊರ ಹಕ್ಕಿಗಳು ಮನೆ ಕಟ್ಟಲು ಜಾಗ ಹುಡುಕುತ್ತವೆ. ಸರಿಯಾಗಿ ಇದೇ ಹೊತ್ತಿಗೆ ಕಮಿಟಿಗೆ ಒಣಕೊಂಬೆ ನೆನಪಾಗುತ್ತದೆ. (ಮಾರ್ಚಿನೊಳಗೆ ಬಜೆಟ್ ಖರ್ಚಾಗಬೇಕಲ್ಲ!)

ಖಜಾಂಚಿಯವರ ಹತ್ತಿರ ಹೋದೆ. "ಕೊಂಬೆ ಬಿದ್ದು ಕಾರಿನ ಗ್ಲಾಸ್ ಒಡೆದರೆ ನೀವು ಕೊಡ್ತೀರಾ ಸಾರ್?" ಅಂದರು. ಪ್ರಶ್ನೆ ತಪ್ಪಲ್ಲ. ಏಪ್ರಿಲ್ ಮಳೆಗೆ ಈ ಊರಲ್ಲಿ ಕೊಂಬೆ ಬೀಳುವುದು, ಜನಕ್ಕೆ ಪೆಟ್ಟಾಗುವುದು ಸುಳ್ಳೇನಲ್ಲ. ಮಕ್ಕಳು ಆಡೋ ಜಾಗದ ಮೇಲೆ ಇದ್ದರೆ ನಾನೇ ಏಣಿ ಹಿಡಿಯುತ್ತೇನೆ. ಆದರೆ ಅದೇ ಕೆಲಸ ಡಿಸೆಂಬರಿನಲ್ಲಿ ಮುಗಿಸಬಹುದಿತ್ತು. ಈಗಲೂ ತುದಿಯ ಭಾರ ಇಳಿಸಿ, ಪೊಟರೆ ಇರುವ ಮೋಟನ್ನು ಬಿಡಬಹುದು. ಕೆಳಗಿನ ಎರಡು ಪಾರ್ಕಿಂಗಿಗೆ ಹಗ್ಗ ಕಟ್ಟಿದರೆ ಮುಗೀತು. ಎರಡೇ ಎರಡು! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಕ್ಕಿಯ ಗೂಡು ಕದಲಿಸುವುದೂ 'ಬೇಟೆ'ಯ ವ್ಯಾಖ್ಯೆಯೊಳಗೇ ಬರುತ್ತದೆ ಅಂದೆ. "ನೀವು ಲಾಯರ್ರಾ?" ಅಂತ ಕೇಳಿದರು.

ಕಮಿಟಿಯನ್ನಷ್ಟೇ ಬೈದು ಪ್ರಯೋಜನವಿಲ್ಲ, ಕುತ್ತಿಗೆಗೆ ಬೈನಾಕ್ಯುಲರ್ ನೇತುಹಾಕಿಕೊಂಡ ನಮ್ಮ ಜಾತಿಯೂ ಕಡಿಮೆಯೇನಿಲ್ಲ. ಫೆಬ್ರವರಿ ಮಧ್ಯದ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನ ನಾಲ್ಕೂ ದಿನ ಬೆಳಗಿನ ಜಾವ ಎದ್ದು ಕೆರೆಗೆ ಓಡ್ತೀವಿ, ಈಬರ್ಡ್‌ಗೆ ಪಟ್ಟಿ ಏರಿಸ್ತೀವಿ, ಇನ್ನೊಬ್ಬರಿಗೆ ಕಂಡ ಬಾತು ನಮಗೆ ಕಾಣಲಿಲ್ಲ ಅಂತ ಕೊರಗ್ತೀವಿ. ಹೆಸರಲ್ಲೇ 'ಹಿತ್ತಲು' ಇದೆ! ಆ ಹಿತ್ತಲಿನ ಕೊಂಬೆ ಕಡಿಯೋ ನೋಟಿಸು ಬಂದಾಗ ನಮ್ಮ ಬ್ಲಾಕಿನ ನಾಲ್ವರು ಪಕ್ಷಿಪ್ರೇಮಿಗಳಲ್ಲಿ ಬಾಯಿ ಬಿಟ್ಟವರು ಯಾರೂ ಇಲ್ಲ. ಹೋದ ವರ್ಷ ಹೀಗೇ ಕಡಿದಾಗ ನಾನೂ ಇದೇ ಗುಂಪಿನಲ್ಲಿ ಥಂಬ್ಸ್ ಅಪ್ ಒತ್ತಿದ್ದೆ, ಹಳೇ ಮೆಸೇಜು ಹುಡುಕಿದಾಗ ಸಿಕ್ಕಿತು.

ಶನಿವಾರ ಗರಗಸ ಬಂತು, ಅರ್ಧ ಗಂಟೆಯಲ್ಲಿ ಕೆಲಸ ಮುಗೀತು. ಬಿದ್ದ ತುಂಡನ್ನು ತಿರುಗಿಸಿ ನೋಡಿದೆ. ಕಂಪಾಸ್ ಇಟ್ಟು ಕೊರೆದಂಥ ಗುಂಡನೆಯ ತೂತು, ಒಳಗೆ ಮೊಟ್ಟೆ ಇರಲಿಲ್ಲ. "ಸದ್ಯ, ಖಾಲಿ ಇತ್ತಲ್ಲ" ಅಂದರು ಯಾರೋ. ಒಂದು ಹಕ್ಕಿ ಸಂಜೆವರೆಗೂ ಕೊಂಬೆಯಿದ್ದ ಜಾಗದ ಪಕ್ಕ ಬಂದು ಬಂದು ಕೂರುತ್ತಿತ್ತು.

ಮುಂದಿನ ಶನಿವಾರ ಬಿ ಬ್ಲಾಕಿನ ಸರದಿಯಂತೆ. ಅಲ್ಲಿ ಎರಡು ಒಣಕೊಂಬೆಗಳಿವೆ. ನಮ್ಮ ಕಾರನ್ನು ಅವುಗಳ ಕೆಳಗೇ ನಿಲ್ಲಿಸಿದ್ದೀನಿ, ತೆಗೆಯೋದಿಲ್ಲ.